ಟೀ ಕೊಡಲು ಬಂದವರು ಕಿವಿಗೊಟ್ಟರು

(ಚರ್ಚಿನ ಒಂದು ಕೋಣೆಯಲ್ಲಿ ಶುರುವಾದ ಆಪ್ತಸಮಾಲೋಚನಾ ಕೇಂದ್ರದ ಕಥೆ)



ವಾರದ ಸಭೆ ಮುಗಿದಿದೆ. ಉಳಿತಾಯದ ಹಣ ಎಣಿಸಿ ಆಯಿತು, ಪಾಸ್‌ಪುಸ್ತಕಕ್ಕೆ ಬರೆದಾಯಿತು, ನಡಾವಳಿ ಪುಸ್ತಕಕ್ಕೆ ಸಹಿಯೂ ಬಿತ್ತು. ಎಲ್ಲರೂ ಎದ್ದು ಹೊರಟಿದ್ದಾರೆ. ಒಬ್ಬಾಕೆ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೇ ಇದ್ದಾಳೆ. "ಯಾಕಕ್ಕಾ, ಮನೆಗೆ ಹೋಗಲ್ವಾ?" ಎಂದು ಕೇಳಿದರೆ "ಏನಿಲ್ಲ ಬಿಡಿ" ಅಂತಾಳೆ. ಇಂಥ "ಏನಿಲ್ಲ"ವನ್ನು ನಾವೆಲ್ಲ ಕೇಳಿದ್ದೇವೆ. ನಾವೂ ಒಂದಲ್ಲ ಒಂದು ದಿನ ಹೇಳಿದ್ದೇವೆ, ಅಲ್ವಾ?

ಅವಳ ಜೊತೆ ಇನ್ನೊಂದು ಹತ್ತು ನಿಮಿಷ ಕೂರಬೇಕೋ, ಬೇಡವೋ? ಕೂತರೆ ಏನು ಮಾತಾಡಬೇಕು? "ನಾನೇನು ಓದಿದವಳಲ್ಲ, ಡಾಕ್ಟರಲ್ಲ, ನನ್ನ ಕೈಲೇನಾಗುತ್ತೆ" ಎಂದು ನಾವು ಎದ್ದು ಹೋಗುವುದೇ ಹೆಚ್ಚು. ಹೀಗೆ ಯೋಚಿಸುವ ಎಲ್ಲರಿಗೂ ಒಂದು ಹಳೆಯ ಘಟನೆ ಹೇಳಬೇಕು. ಇಂಗ್ಲೆಂಡ್ ದೇಶದ ಲಂಡನ್ ನಗರದಲ್ಲಿ, ಒಂದು ಚರ್ಚಿನಲ್ಲಿ, 1953ರಲ್ಲಿ ಒಂದು ಕೇಂದ್ರ ಶುರುವಾಯಿತು. ಶುರು ಮಾಡಿದವರು ಒಬ್ಬ ಗುರುಗಳು. ಆದರೆ ಅದನ್ನು ನಿಜವಾಗಿ ನಡೆಸಿದವರು, ಬಂದವರಿಗೆ ಟೀ ಮಾಡಿ ಕೊಡಲು ಬಂದಿದ್ದ ಸಾಮಾನ್ಯ ಜನ. ಆ ಕೇಂದ್ರದ ಹೆಸರು ಸಮಾರಿಟನ್ಸ್.

ಗುರುಗಳ ಮೊದಲ ಅಂತ್ಯಕ್ರಿಯೆ

ಆ ಗುರುಗಳ ಹೆಸರು ಚಾಡ್ ವಾರಾ. 1911ರಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಗುರುಗಳಾಗಿದ್ದರು. ನಮ್ಮ ಕಥೋಲಿಕ ಸಭೆಯವರಲ್ಲ. ಆದರೆ ಅವರು ಮಾಡಿದ ಕೆಲಸ ಯಾವ ಸಭೆಗೂ, ಯಾವ ಧರ್ಮಕ್ಕೂ ಸೀಮಿತವಾಗಿ ಉಳಿಯಲಿಲ್ಲ.

1935ರಲ್ಲಿ ಅವರು ಲಿಂಕನ್ ಎಂಬ ಊರಿನಲ್ಲಿ ಹೊಸದಾಗಿ ಸಹಾಯಕ ಗುರುಗಳಾಗಿ ಸೇವೆ ಆರಂಭಿಸಿದ್ದರು. ಅವರು ನಡೆಸಿಕೊಟ್ಟ ಮೊದಲ ಅಂತ್ಯಕ್ರಿಯೆ 14 ವರ್ಷದ ಒಬ್ಬ ಹುಡುಗಿಯದು. ಆ ಮಗು ತಾನಾಗಿಯೇ ಜೀವ ಕಳೆದುಕೊಂಡಿತ್ತು. ಕಾರಣ ಕೇಳಿದರೆ ಕರುಳು ಚುರ್ ಅನ್ನುತ್ತದೆ. ಅವಳು ಮೈನೆರೆದಿದ್ದಳು, ಅಷ್ಟೇ. ಮೊದಲ ಸಲ ಮುಟ್ಟಾದಾಗ ಆ ರಕ್ತ ಕಂಡು ತನಗೆ ಯಾವುದೋ ಕೆಟ್ಟ ಲೈಂಗಿಕ ಕಾಯಿಲೆ ಬಂದಿದೆ ಎಂದು ಹೆದರಿದಳು. ಅದು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಲಿಲ್ಲ, ನಾಚಿಕೆ.

ಸಹೋದರಿಯರೇ, ಇದು ದೂರದ ಊರಿನ ಸುದ್ದಿ ಅನ್ನಿಸುತ್ತದೆಯೇ? ಮುಟ್ಟಿನ ಬಗ್ಗೆ ಒಂದು ಮಾತೂ ತಿಳಿಯದೆ ಹೆದರಿ ಹಿತ್ತಲಲ್ಲಿ ಅಳುತ್ತಾ ಕೂತ ಹುಡುಗಿಯರು ನಮ್ಮ ಮನೆಗಳಲ್ಲೂ ಇದ್ದರು. ನಮ್ಮಲ್ಲಿ ಎಷ್ಟೋ ಜನ ಆ ಹುಡುಗಿಯರೇ ಆಗಿದ್ದೆವು. ಅಮ್ಮನೋ, ಅಕ್ಕನೋ, ಪಕ್ಕದ ಮನೆಯ ಅತ್ತೆಯೋ ಬಂದು "ಹೆದರಬೇಡ ಮಗಾ, ಇದು ಎಲ್ಲರಿಗೂ ಆಗೋದು" ಅಂದರು. ನಾವು ಬದುಕಿದೆವು. ಲಿಂಕನ್ನಿನ ಆ ಹುಡುಗಿಗೆ ಆ ಒಂದು ಮಾತು ಹೇಳುವವರು ಸಿಗಲಿಲ್ಲ.

ಆ ಸಮಾಧಿಯ ಬಳಿ ನಿಂತಾಗ ಚಾಡ್ ವಾರಾ ಅವರು ಒಂದು ನಿರ್ಧಾರ ಮಾಡಿದರು. ಹದಿಹರೆಯದವರಿಗೆ ದೇಹದ ಬಗ್ಗೆ, ಲೈಂಗಿಕತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ತಿಳಿಸಿ ಹೇಳುವುದು ಎಂದು. ಆ ಕಾಲದಲ್ಲಿ ಒಬ್ಬ ಗುರುಗಳು ಇಂಥ ವಿಷಯ ಮಾತಾಡುವುದೆಂದರೆ ಜನ ಹುಬ್ಬೇರಿಸುತ್ತಿದ್ದರು. ಅವರು ಬಿಡಲಿಲ್ಲ. ಯುವಕ ಯುವತಿಯರ ಕೂಟಗಳಲ್ಲಿ ಮಾತಾಡಿದರು, ಮದುವೆಯಾಗುವ ಜೋಡಿಗಳಿಗೆ ತಿಳುವಳಿಕೆ ಕೊಟ್ಟರು, ಪತ್ರಿಕೆಗೂ ಬರೆದರು. ಬರೆದದ್ದೇ ತಡ, ಅವರಿಗೆ ಕಾಗದಗಳು ಬರತೊಡಗಿದವು. ಕೆಲವು ಕಾಗದಗಳಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ಕಣ್ಣೀರೇ ಇತ್ತು. ಬದುಕೇ ಬೇಡ ಎನ್ನುವವರೂ ಬರೆದಿದ್ದರು. ಗುರುಗಳಿಗೆ ಆಗ ಒಂದು ವಿಷಯ ಅರ್ಥವಾಯಿತು. ಜನರಿಗೆ ಹೇಳಿಕೊಳ್ಳುವುದು ಬೇಕಾದಷ್ಟಿದೆ, ಆದರೆ ಹೇಳಿಕೊಳ್ಳಲು ಜಾಗ ಇಲ್ಲ.

ಧೂಳು ಒರೆಸಿದಾಗ ಸಿಕ್ಕ ನಂಬರು

ಲಂಡನ್ ನಗರ ಪ್ರದೇಶದಲ್ಲಿ ದಿನಕ್ಕೆ ಸರಾಸರಿ ಮೂರು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ ಎಂದು 1953ರಲ್ಲಿ ಅವರಿಗೆ ತಿಳಿಯಿತು. ಆ ದೇಶದಲ್ಲಿ ಬೆಂಕಿ ಬಿದ್ದರೆ, ಕಳ್ಳರು ಬಂದರೆ, ಆಂಬ್ಯುಲೆನ್ಸ್ ಬೇಕಾದರೆ 999 ಎಂಬ ನಂಬರಿಗೆ ಫೋನ್ ಮಾಡುತ್ತಿದ್ದರು. ಮನಸ್ಸಿಗೆ ಬೆಂಕಿ ಬಿದ್ದವರು ಎಲ್ಲಿಗೆ ಫೋನ್ ಮಾಡಬೇಕು? ಅಂಥವರಿಗೂ ಒಂದು ನಂಬರು ಇರಬೇಕು ಎಂದು ಅವರಿಗೆ ಹೊಳೆಯಿತು.

ಆದರೆ ಒಂದು ತೊಂದರೆ ಇತ್ತು. ಅವರದು ಆಗ ದೊಡ್ಡ ಧರ್ಮಕೇಂದ್ರ. ಪೂಜೆ, ಮದುವೆ, ಅಂತ್ಯಕ್ರಿಯೆ, ಮನೆ ಭೇಟಿ, ಇವುಗಳಲ್ಲೇ ದಿನ ಕಳೆಯುತ್ತಿತ್ತು. ಅದೇ ಹೊತ್ತಿಗೆ ಲಂಡನ್ನಿನ ವ್ಯಾಪಾರ ಕೇಂದ್ರದಲ್ಲಿದ್ದ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಎಂಬ ಹಳೆಯ ಚರ್ಚಿಗೆ ಗುರುಗಳು ಬೇಕಾಗಿದ್ದರು. 17ನೇ ಶತಮಾನದಲ್ಲಿ ಕ್ರಿಸ್ಟೋಫರ್ ರೆನ್ ಎಂಬ ಹೆಸರಾಂತ ಶಿಲ್ಪಿ ಕಟ್ಟಿದ ಚರ್ಚು ಅದು. ಸುತ್ತ ಬ್ಯಾಂಕು, ಕಚೇರಿಗಳೇ ಹೆಚ್ಚು, ವಾಸದ ಮನೆಗಳು ಬಹಳ ಕಡಿಮೆ. ಹಾಗಾಗಿ ಅಲ್ಲಿನ ಗುರುಗಳಿಗೆ ಸಮಯ ಸಿಗುತ್ತಿತ್ತು. ಆ ಚರ್ಚಿಗೆ ಗುರುಗಳನ್ನು ಆರಿಸುವ ಹಕ್ಕು ಗ್ರೋಸರ್ಸ್ ಕಂಪನಿ ಎಂಬ ಹಳೆಯ ವರ್ತಕರ ಸಂಘಕ್ಕಿತ್ತು. ಅವರು ಚಾಡ್ ವಾರಾ ಅವರಿಗೆ ಸ್ಥಾನ ಕೊಟ್ಟರು, ಅವರ ಯೋಜನೆಗೂ ಒಪ್ಪಿದರು.

ಎರಡನೇ ಮಹಾಯುದ್ಧದ ಬಾಂಬಿನಿಂದ ಹಾನಿಯಾಗಿದ್ದ ಆ ಚರ್ಚಿನ ದುರಸ್ತಿ ಇನ್ನೂ ನಡೆದಿತ್ತು. ಗುರುಗಳಿಗೆ ನೆನಪಿಡಲು ಸುಲಭವಾದ ಒಂದು ನಂಬರು ಬೇಕಿತ್ತು. ಆ ಪ್ರದೇಶದ ಟೆಲಿಫೋನ್ ಎಕ್ಸ್‌ಚೇಂಜಿನ ಹೆಸರು ಮ್ಯಾನ್ಷನ್ ಹೌಸ್. ಹಾಗಾಗಿ 'ಮ್ಯಾನ್ 9000' ಸಿಕ್ಕರೆ ಒಳ್ಳೆಯದು ಅಂದುಕೊಂಡಿದ್ದರು. ಚರ್ಚಿನಲ್ಲಿದ್ದ ಹಳೆಯ ಫೋನಿನ ಧೂಳು ಒರೆಸಿ ನೋಡಿದರೆ ಅದರ ನಂಬರೇ ಮ್ಯಾನ್ 9000! ಇದನ್ನು ಅವರು ಜೀವನಪೂರ್ತಿ ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು.

1953ರ ನವೆಂಬರ್ 2ರಂದು ಮೊದಲ ಕರೆ ಬಂತು. ಕೇಂದ್ರದ ಆಸ್ತಿ ಎಂದರೆ ಒಂದು ಫೋನು, ಒಬ್ಬ ಗುರುಗಳು, ಅವರಿಗೆ ನೆರವಾಗುತ್ತಿದ್ದ ಕಾರ್ಯದರ್ಶಿ ವಿವಿಯನ್ ಪ್ರಾಸರ್ ಎಂಬ ಮಹಿಳೆ. ಅಷ್ಟೇ! ಡಿಸೆಂಬರ್ 7ರಂದು 'ಡೈಲಿ ಮಿರರ್' ಪತ್ರಿಕೆ ಇವರನ್ನು ಟೆಲಿಫೋನಿನ ಒಳ್ಳೆಯ ಸಮಾರಿಯದವರು ಎಂದು ಕರೆದು ಸುದ್ದಿ ಬರೆಯಿತು. ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಾಮತಿ ನಮಗೆಲ್ಲ ಗೊತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ದೊಡ್ಡವರೆಲ್ಲ ನೋಡಿಯೂ ನೋಡದಂತೆ ದಾಟಿ ಹೋದರು. ಯಾರಿಗೂ ಬೇಡವಾಗಿದ್ದ ಪರಜಾತಿಯ ಒಬ್ಬ ಸಮಾರಿಯದವನು ನಿಂತ, ಬಗ್ಗಿದ, ಎತ್ತಿದ. ಪತ್ರಿಕೆ ಇಟ್ಟ ಹೆಸರೇ ಕೇಂದ್ರಕ್ಕೆ ನಿಂತಿತು.

ಹೊರಗಿನ ಬೆಂಚಿನ ಮೇಲೆ ಆದದ್ದು

ಕಥೆಯ ಮುಖ್ಯ ಭಾಗ ಇಲ್ಲಿದೆ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಫೋನಿನಲ್ಲಿ ಕರೆಗಳು ಹೆಚ್ಚಿದವು. ನೇರವಾಗಿ ಚರ್ಚಿಗೇ ಬರುವವರೂ ಹೆಚ್ಚಿದರು. ಒಬ್ಬರ ಜೊತೆ ಗುರುಗಳು ಒಳಗೆ ಮಾತಾಡುತ್ತಿದ್ದರೆ ಉಳಿದವರು ಹೊರಗೆ ಕಾಯಬೇಕಿತ್ತು. ಇದೇ ಸಮಯಕ್ಕೆ "ನಮ್ಮಿಂದೇನಾದರೂ ಸಹಾಯ ಬೇಕೇ" ಎಂದು ಕೆಲವು ಸಾಮಾನ್ಯ ಜನ ಮುಂದೆ ಬಂದರು. ಅವರು ಮನೋವೈದ್ಯರಲ್ಲ, ಆಪ್ತಸಮಾಲೋಚನೆ ಕಲಿತವರಲ್ಲ. ಇವರಿಗೆ ಏನು ಕೆಲಸ ಕೊಡುವುದು? ಕಾಯುತ್ತಿರುವವರಿಗೆ ಟೀ ಮಾಡಿ ಕೊಡಿ, ಬೇಸರವಾಗದಂತೆ ಜೊತೆಗಿರಿ, ಸಣ್ಣಪುಟ್ಟ ಕೆಲಸ ನೋಡಿಕೊಳ್ಳಿ ಎಂದು ಗುರುಗಳು ಒಪ್ಪಿಸಿದರು.

ಸ್ವಲ್ಪ ದಿನದಲ್ಲೇ ಒಂದು ವಿಚಿತ್ರ ಕಂಡುಬಂತು. ಟೀ ಲೋಟ ಕೈಯಲ್ಲಿ ಹಿಡಿದು ಪಕ್ಕ ಕೂತವರ ಹತ್ತಿರ ಜನ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಮಾತಾಡಿ, ಅತ್ತು, ಹಗುರಾಗಿ, ಗುರುಗಳನ್ನು ಕಾಣಬೇಕಾದ ಅಗತ್ಯವೇ ಇಲ್ಲವೆಂದು ಎಷ್ಟೋ ಜನ ಮನೆಗೆ ಹೋಗುತ್ತಿದ್ದರು. ಇನ್ನು ಕೆಲವರಿಗೆ ಗುರುಗಳ ಹತ್ತಿರ ಸ್ವಲ್ಪ ಹೊತ್ತು ಸಾಕಾಗುತ್ತಿತ್ತು. ಟೀ ಕೊಡಲು ಬಂದವರು ಉಪದೇಶ ಮಾಡಿರಲಿಲ್ಲ. ಪರಿಹಾರವನ್ನೂ ಹೇಳಿರಲಿಲ್ಲ. ಅವರು ಕಿವಿಗೊಟ್ಟು ಕೇಳಿದ್ದರು.

ಬೇರೆ ಯಾರಾದರೂ ಆಗಿದ್ದರೆ "ಇದು ತಿಳಿದವರ ಕೆಲಸ, ನೀವು ಟೀ ಮಾತ್ರ ನೋಡ್ಕೊಳ್ಳಿ" ಅನ್ನುತ್ತಿದ್ದರೇನೋ. ಚಾಡ್ ವಾರಾ ಅವರು ಹಾಗೆ ಮಾಡಲಿಲ್ಲ. ಕೇಂದ್ರ ಶುರುವಾಗಿ ಮೂರೇ ತಿಂಗಳಿಗೆ, 1954ರ ಫೆಬ್ರವರಿ 2ರಂದು, ಆ ಸ್ವಯಂಸೇವಕರನ್ನು ಕರೆದು ಫೋನಿನ ಜವಾಬ್ದಾರಿಯನ್ನು ಅವರಿಗೇ ವಹಿಸಿದರು. ಸರಿಯಾದ ಜನರನ್ನು ಆರಿಸುವುದು, ತಯಾರು ಮಾಡುವುದು, ಮೇಲ್ವಿಚಾರಣೆ ನಡೆಸುವುದು ಮಾತ್ರ ತನ್ನ ಕೆಲಸ ಎಂದರು. ಸ್ವಯಂಸೇವಕರು ಮಾಡುತ್ತಿದ್ದ ಈ ಕೆಲಸಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಗೆಳೆತನ ಕೊಡುವುದು'. ಚಿಕಿತ್ಸೆ ಕೊಡುವುದು ಎಂದಲ್ಲ.

ಕೇಂದ್ರ ಪಾಲಿಸಿದ ಕಟ್ಟುಪಾಡು

ಒಳ್ಳೆಯ ಮನಸ್ಸು ಇದ್ದರೆ ಸಾಕೇ? ಸಾಲದು. ನಮ್ಮ ಸಂಘಗಳಿಗೆ ಹೇಗೆ ನಿಯಮಾವಳಿ ಇದೆಯೋ ಹಾಗೆ ಅವರಿಗೂ ಇತ್ತು. ಆ ನಿಯಮಗಳಿಂದಲೇ ಕೇಂದ್ರ ಇಷ್ಟು ವರ್ಷ ಬಾಳಿತು.

ಮೊದಲನೆಯದು, ಗುಟ್ಟು ಕಾಯುವುದು. ಇಲ್ಲಿ ಕೇಳಿದ್ದು ಇಲ್ಲೇ. ಗಂಡನ ಹತ್ತಿರವೂ ಇಲ್ಲ, ಹೆಂಡತಿಯ ಹತ್ತಿರವೂ ಇಲ್ಲ. ಕರೆ ಮಾಡಿದವರು ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ.

ಎರಡನೆಯದು, ತಮ್ಮ ನಂಬಿಕೆಯನ್ನು ಹೇರದಿರುವುದು. ಕೇಂದ್ರ ಇದ್ದದ್ದು ಚರ್ಚಿನ ಒಳಗೆ, ನಡೆಸಿದವರು ಗುರುಗಳು. ಆದರೂ ಸ್ವಯಂಸೇವಕರು ಯಾರಿಗೂ ಧರ್ಮಬೋಧನೆ ಮಾಡುವಂತಿರಲಿಲ್ಲ. ರಾಜಕೀಯವನ್ನೂ ತರುವಂತಿರಲಿಲ್ಲ. ದೇವರನ್ನು ನಂಬುವವರು, ನಂಬದವರು, ಯಾವ ಧರ್ಮದವರು ಬಂದರೂ ಒಂದೇ ಬಾಗಿಲು, ಒಂದೇ ಟೀ. ಮಾತು ಮಾತಿಗೂ ಬುದ್ಧಿ ಹೇಳುವ ಚಪಲ ಇದ್ದವರಿಗೆ ಈ ಕೆಲಸ ಆಗಿಬರುತ್ತಿರಲಿಲ್ಲ.

ಮೂರನೆಯದು, ತೀರ್ಪು ಕೊಡದಿರುವುದು. ತಪ್ಪು ಯಾರದು ಎಂದು ಹುಡುಕುವ ಪಂಚಾಯ್ತಿ ಕಟ್ಟೆ ಅದಲ್ಲ.

ನಾಲ್ಕನೆಯದು, ತಮ್ಮ ಮಿತಿ ತಿಳಿದಿರುವುದು. ಗೆಳೆತನ ಸಾಲದೆ ಹೋದಾಗ ತರಬೇತಿ ಪಡೆದ ಸಮಾಲೋಚಕರ ಹತ್ತಿರ, ಕಾಯಿಲೆ ಇದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದರು. ನೆಗಡಿಗೆ ಕಷಾಯ ಸಾಕು, ನ್ಯುಮೋನಿಯಾಕ್ಕೆ ಆಸ್ಪತ್ರೆಯೇ ಬೇಕು. ಮನಸ್ಸಿನ ವಿಷಯವೂ ಹಾಗೆಯೇ.

ಒಂದು ಚರ್ಚಿನಿಂದ ಹಲವು ದೇಶಗಳಿಗೆ

1959ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ಶಾಖೆ ತೆರೆಯಿತು. ಮುಂದಿನ ದಶಕಗಳಲ್ಲಿ ಶಾಖೆಗಳ ಸಂಖ್ಯೆ ಇನ್ನೂರನ್ನು ದಾಟಿತು. ಹನಿ ಹನಿಗೂಡಿದರೆ ಹಳ್ಳ ಎಂದು ನಮಗೆ ಬೇರೆಯವರು ಹೇಳಿಕೊಡಬೇಕೇ? ಬೇರೆ ದೇಶಗಳಲ್ಲೂ ಇಂಥ ಕೆಲಸ ಹಬ್ಬಿತು. 1963ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮೆಥಡಿಸ್ಟ್ ಸಭೆಯ ಗುರು ಆಲನ್ ವಾಕರ್ ಅವರು 'ಲೈಫ್‌ಲೈನ್' ಎಂಬ ದೂರವಾಣಿ ಸೇವೆ ಆರಂಭಿಸಿದರು. 1974ರಲ್ಲಿ ಸಮಾರಿಟನ್ಸ್ ಮಾದರಿಯ ಕೇಂದ್ರಗಳನ್ನು ಜಗತ್ತಿನಾದ್ಯಂತ ಒಟ್ಟು ಸೇರಿಸುವ ಬಿಫ್ರೆಂಡರ್ಸ್ ಎಂಬ ಒಕ್ಕೂಟ ಹುಟ್ಟಿತು. ನಮ್ಮ ಸಂಘಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡ ಹಾಗೆ.

ಕಾನೂನೂ ಬದಲಾಯಿತು. ಕೇಂದ್ರ ಶುರುವಾದಾಗ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರು ಅಪರಾಧಿಗಳು. ಕೆಲವರು ಜೈಲಿಗೂ ಹೋಗಿದ್ದರು. ಜೈಲಿನ ಹೆದರಿಕೆ ಇದ್ದರೆ ಯಾರು ತಾನೇ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾರೆ? 1961ರಲ್ಲಿ ಅಲ್ಲಿನ ಸಂಸತ್ತು ಆ ಕಾನೂನನ್ನು ತೆಗೆದುಹಾಕಿತು. 2015ರಿಂದ ಅಲ್ಲಿನ ಜನ ಕೇಂದ್ರಕ್ಕೆ ಕರೆ ಮಾಡಲು ಒಂದು ಕಾಸೂ ಖರ್ಚಿಲ್ಲದ ನಂಬರು ಬಂತು. ಕೈಯಲ್ಲಿ ದುಡ್ಡಿಲ್ಲದವನಿಗೇ ಅಲ್ಲವೇ ಕಷ್ಟ ಹೆಚ್ಚು?

ಚಾಡ್ ವಾರಾ ಅವರು ಅದೇ ಚರ್ಚಿನಲ್ಲಿ 50 ವರ್ಷ ಸೇವೆ ಮಾಡಿ 2003ರಲ್ಲಿ ನಿವೃತ್ತರಾದರು. 2007ರ ನವೆಂಬರ್ 8ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ಕರೆ ಬಂದ ಆ ಕಪ್ಪು ಫೋನನ್ನು ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಾಪಾಡಿ ಇಟ್ಟರು.

ನಮ್ಮ ನಾಡಿನಲ್ಲಿ

ನಮ್ಮ ದೇಶದಲ್ಲಿ 1986ರಲ್ಲಿ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಚೆನ್ನೈಯಲ್ಲಿ 'ಸ್ನೇಹಾ' ಎಂಬ ಕೇಂದ್ರ ಆರಂಭಿಸಿದರು. ಬಿಫ್ರೆಂಡರ್ಸ್ ಬಳಗಕ್ಕೆ ಸೇರಿದ ಈ ಕೇಂದ್ರದಲ್ಲೂ ಸ್ವಯಂಸೇವಕರೇ ಕೇಳುವವರು. ಹೆಸರು ನೋಡಿ, ಸ್ನೇಹ! ಗೆಳೆತನ ಎಂಬ ಆ ಹಳೆಯ ಮಾತೇ.

ಬೆಂಗಳೂರಿನಲ್ಲಿ 1960ರ ದಶಕದಲ್ಲೇ ಮೆಡಿಕೋ ಪ್ಯಾಸ್ಟರಲ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತ್ತು. ವೈದ್ಯರು ಮತ್ತು ಸಭಾಪಾಲಕರು ಕೈಜೋಡಿಸಬೇಕು ಎಂಬ ಆಶಯ ಆ ಹೆಸರಿನಲ್ಲೇ ಇದೆ. 2002ರಲ್ಲಿ ಇದೇ ಸಂಸ್ಥೆ ನಿಮ್ಹಾನ್ಸ್ ಮತ್ತು ರೋಟರಿಯವರ ಜೊತೆ ಸೇರಿ 'ಸಹಾಯ್' ಎಂಬ ದೂರವಾಣಿ ಸೇವೆ ತೆರೆಯಿತು. ಬೆಂಗಳೂರಿನಿಂದ ದೂರ ಇರುವ ನಮ್ಮಂಥ ಹಳ್ಳಿಯವರ ಕಥೆಯೇನು? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಹಳ್ಳಿಯಲ್ಲೂ ಈ ಕೆಲಸ ಆಗುತ್ತದೆ ಎಂದು ತೋರಿಸಿಕೊಟ್ಟದ್ದು ನಮ್ಮ ಕರ್ನಾಟಕ!

ಇಂಗ್ಲೆಂಡಿನಲ್ಲಿ 1961ರಲ್ಲಿ ಆದ ಬದಲಾವಣೆ ನಮ್ಮಲ್ಲಿ ಆಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಬೇಡ, ಆರೈಕೆ ಬೇಕು ಎಂದು ಅದು ಹೇಳಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಹಳೆಯ 309ನೇ ಕಲಮೂ ಹೋಯಿತು. ಆದ್ದರಿಂದ "ಪೊಲೀಸ್ ಕೇಸಾಗುತ್ತೆ, ಮುಚ್ಚಿಡಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ 'ಟೆಲಿ ಮಾನಸ್' ಸೇವೆ ಆರಂಭಿಸಿತು. ನಂಬರು 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮ್ಯಾನ್ 9000 ಮಾಡುತ್ತಿದ್ದ ಕೆಲಸಕ್ಕೆ ಈಗ ನಮ್ಮ ಕೈಯಲ್ಲಿರುವ ಮೊಬೈಲಿನಿಂದಲೇ ಒಂದು ದಾರಿ ಇದೆ.

ಇದು ನಮಗೇಕೆ ಮುಖ್ಯ?

ಒಂದು ಲೆಕ್ಕ ಕೇಳಿ. ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಅಂಕಿಅಂಶದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಮಹಿಳೆಯರು 48,172. ಈ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು, 25,309 ಜನ, ಗೃಹಿಣಿಯರು. ಅಂದರೆ ನಮ್ಮ ನಿಮ್ಮಂತೆ ಒಲೆ ಹಚ್ಚಿ, ನೀರು ತುಂಬಿ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದವರು. ಅವರಲ್ಲೂ ಎಷ್ಟು ಜನ "ಏನಿಲ್ಲ ಬಿಡಿ" ಎಂದು ಹೇಳಿದ್ದರೋ!

ಕಾರಣ ಒಂದೇ ಇರುವುದಿಲ್ಲ. ಕುಡಿದು ಬರುವ ಗಂಡ, ಹೊಡೆತ, ವರದಕ್ಷಿಣೆಯ ಕುತ್ತು, ಮಕ್ಕಳಾಗಲಿಲ್ಲ ಎಂಬ ಚುಚ್ಚುಮಾತು, ವಾಸಿಯಾಗದ ಕಾಯಿಲೆ, ಬಾಣಂತನದ ನಂತರ ಮಂಕಾಗುವ ಮನಸ್ಸು. ಈಗ ಸಾಲದ ಕಂತಿನ ಕಾಟವೂ ಸೇರಿದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟಾಗಿತ್ತೆಂದರೆ ಅದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತು ಕಟ್ಟದವಳನ್ನು ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಮಾತಾಡುವ ಅಭ್ಯಾಸ ನಮ್ಮ ಸಂಘದಲ್ಲೂ ಇದೆಯಾ? ಎದೆ ಮುಟ್ಟಿ ನೋಡಿಕೊಳ್ಳೋಣ. ಸಾಲ ವಸೂಲಾಗಬೇಕು, ನಿಜ. ಆದರೆ ಅವಮಾನ ಮಾಡಿ ವಸೂಲಿ ಮಾಡಿದ ಹಣಕ್ಕೆ ನಾವು ಕಟ್ಟುವ ಬೆಲೆ ದೊಡ್ಡದಾಗಬಹುದು.

ನಾವು ಏನು ಮಾಡಬಹುದು?

ನಮ್ಮ ಸಂಘ ಆಪ್ತಸಮಾಲೋಚನಾ ಕೇಂದ್ರ ಅಲ್ಲ. ಆದರೆ ಟೀ ಕೊಡಲು ಬಂದವರ ಕೆಲಸ ನಮ್ಮಿಂದ ಖಂಡಿತ ಆಗುತ್ತದೆ. ಈ ಕೆಲವು ವಿಷಯ ನೆನಪಿಡೋಣ.

1. ಜಾಗ ನೋಡಿ ಕೂರಿಸಿ. ಗೋಡೆಗೂ ಕಿವಿ ಇರುತ್ತೆ. ಹತ್ತು ಜನರ ಮುಂದೆ "ಯಾಕಮ್ಮ ಅಳ್ತೀಯಾ?" ಅಂತ ಕೇಳಬೇಡಿ. ಒಬ್ಬರೇ ಜೊತೆಗಿರಿ.

2. ಕೇಳುವಾಗ ಕೇಳಿ. ಅವಳು ಎರಡು ಮಾತು ಆಡುವಷ್ಟರಲ್ಲಿ "ನಂದೂ ಹಾಗೇ ಆಗಿತ್ತು ಗೊತ್ತಾ?" ಎಂದು ನಮ್ಮ ಪುರಾಣ ಬಿಚ್ಚಬಾರದು. ಸುಮ್ಮನಿರುವುದೂ ಒಂದು ಸಹಾಯವೇ. ಅಳು ಬಂದರೆ ಅಳಲಿ ಬಿಡಿ.

3. "ಮಕ್ಕಳ ಮುಖ ನೋಡಿ ಸಹಿಸಿಕೋ", "ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ", "ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತೆ" ಎಂದು ಬಾಯಿ ಮುಚ್ಚಿಸಬೇಡಿ. ಪ್ರಾರ್ಥನೆಗೆ ಶಕ್ತಿ ಇದೆ. ಆದರೆ ಮೊದಲು ಅವಳ ಮಾತು ಮುಗಿಯಲಿ. ಸಮಾರಿಯದವನು ಮೊದಲು ಗಾಯ ಕಟ್ಟಿದ.

4. "ಬದುಕೇ ಬೇಡ", "ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ" ಎಂಬ ಮಾತು ಬಂದರೆ ತಮಾಷೆ ಅಂದುಕೊಳ್ಳಬೇಡಿ. "ಸಾಯೋ ಯೋಚನೆ ಬರ್ತಾ ಇದೆಯಾ ಅಕ್ಕಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಹಾಗೆ ಆಗುವುದಿಲ್ಲ ಎಂದು ತಜ್ಞರು ಅಧ್ಯಯನ ಮಾಡಿ ಹೇಳಿದ್ದಾರೆ. ಕೇಳುವವರು ಸಿಕ್ಕರಲ್ಲಾ ಎಂದು ಅವಳಿಗೆ ಹಗುರವೇ ಆಗುತ್ತದೆ.

5. ಗುಟ್ಟು ಕಾಪಾಡಿ. ಬಾವಿಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅವಳ ವಿಷಯ ಬರಬಾರದು. ಒಂದು ಸಲ ಮಾತು ಹೊರಗೆ ಬಿದ್ದರೆ ಅವಳಷ್ಟೇ ಅಲ್ಲ, ಇನ್ನು ಯಾರೂ ಬಾಯಿ ಬಿಡುವುದಿಲ್ಲ. ಆದರೆ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಗುಟ್ಟಿಗಿಂತ ಜೀವ ದೊಡ್ಡದು. "ನಿನ್ನ ಒಬ್ಬಳನ್ನೇ ಬಿಡೋಕೆ ನನಗೆ ಮನಸ್ಸಿಲ್ಲ, ಇನ್ನೊಬ್ಬರ ಸಹಾಯ ಕೇಳೋಣ" ಎಂದು ಅವಳಿಗೇ ಹೇಳಿ, ಅವಳು ನಂಬುವ ಒಬ್ಬರನ್ನು ಕರೆಸಿ. ಅಲ್ಲಿವರೆಗೆ ಜೊತೆಗಿರಿ. ಮನೆಯಲ್ಲಿರುವ ಕೀಟನಾಶಕ, ಬೇಡದ ಮಾತ್ರೆಗಳನ್ನು ಕೈಗೆ ಸಿಗದಂತೆ ತೆಗೆದಿಡಲು ಮನೆಯವರಿಗೆ ತಿಳಿಸಿ.

6. ದಾಟಿಸುವುದನ್ನು ಕಲಿಯಿರಿ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತೆ, ವಾರಗಟ್ಟಲೆ ಮಂಕು ಅಂದರೆ ಅದು ಕಾಯಿಲೆ ಇರಬಹುದು. ದೆವ್ವ ಹಿಡಿದಿದೆ ಎಂದು ಅಲೆಸುವ ಬದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಶಾ ಕಾರ್ಯಕರ್ತೆಯ ಸಹಾಯ ಕೇಳಿ. ಹೊಡೆತ ಬಡಿತ ಇದ್ದರೆ ಕಾನೂನಿನ ಸಹಾಯವೂ ಇದೆ.

7. ನಿಮ್ಮ ಮನಸ್ಸನ್ನೂ ನೋಡಿಕೊಳ್ಳಿ. ಇನ್ನೊಬ್ಬರ ಕಣ್ಣೀರು ಕೇಳಿದ ದಿನ ನಮಗೂ ಭಾರವಾಗುತ್ತದೆ. ಹೆಸರು ಹೇಳದೆ, ನಿಮ್ಮ ವಲಯದ ಕಾರ್ಯಕರ್ತೆಯ ಹತ್ತಿರ ಆ ಭಾರ ಇಳಿಸಿಕೊಳ್ಳಿ.

ಸಂಘದ ಸಭೆಯಲ್ಲಿ ಚರ್ಚಿಸಲು

* ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಮೊದಲೇ ಹೇಳಿದ್ದೇವೆಯೇ? ಹೇಳಿಲ್ಲದಿದ್ದರೆ ಯಾರು, ಯಾವಾಗ ಹೇಳುವುದು? ಗಂಡುಮಕ್ಕಳಿಗೂ ತಿಳಿಸಬೇಕೇ?
* ಕಷ್ಟ ಬಂದಾಗ ನಾನು ಯಾರ ಹತ್ತಿರ ಹೇಳಿಕೊಳ್ಳುತ್ತೇನೆ? ಅವರನ್ನೇ ಯಾಕೆ ನಂಬುತ್ತೇನೆ? (ಹೆಸರು ಹೇಳಬೇಕಾಗಿಲ್ಲ.)
* ನಮ್ಮ ಸಂಘದಲ್ಲಿ ಕೇಳಿದ ಮಾತು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇದೆಯೇ?
* ಎರಡು ವಾರ ಸಭೆಗೆ ಬಾರದ ಸದಸ್ಯೆಯ ಮನೆಗೆ ನಾವು ಹೋಗುವುದು ಕಂತು ಕೇಳಲು ಮಾತ್ರವೇ?

ನಡಾವಳಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಈ ನಂಬರುಗಳನ್ನು ಇವತ್ತೇ ಬರೆದಿಡಿ:

ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416
ಮಹಿಳಾ ಸಹಾಯವಾಣಿ 181
ಮಕ್ಕಳ ಸಹಾಯವಾಣಿ 1098
ತುರ್ತು ಸಹಾಯಕ್ಕೆ 112

ಸಹೋದರಿಯರೇ, ಲಿಂಕನ್ನಿನ ಆ ಹುಡುಗಿಗೆ ದೊಡ್ಡ ಆಸ್ಪತ್ರೆ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ. ತಿಳಿದ ಒಬ್ಬ ಹೆಂಗಸು ಐದು ನಿಮಿಷ ಪಕ್ಕ ಕೂತಿದ್ದರೆ ಸಾಕಿತ್ತು. ಮುಂದಿನ ವಾರದ ಸಭೆ ಮುಗಿದ ಮೇಲೆ ಯಾರಾದರೂ ಕೂತೇ ಇದ್ದರೆ, ನೀವೂ ಎದ್ದು ಹೋಗಬೇಡಿ. ಒಂದು ಲೋಟ ಟೀ ಇಡಿ, ಪಕ್ಕದಲ್ಲಿ ಕೂರಿ.